‘ಸಿನ್ಸ್ ಟೂ ಇಯರ್ಸ್’ ಎಂಬ ತಪ್ಪಿಗೆ ನಮ್ಮ ‘ಇಂದ’ ಹೊಣೆಯೇ?

ನಿವೃತ್ತ ಮೇಷ್ಟ್ರು: ಪರಿಚಿತರ ಮಕ್ಕಳ ಕೆಲಸದ ಅರ್ಜಿಗಳನ್ನು ತಿದ್ದಿಕೊಡುವಾಗ ‘ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ ಟೂ ಇಯರ್ಸ್’ ಎಂಬ ವಾಕ್ಯ ತಪ್ಪದೆ ಎದುರಾಗುತ್ತದೆ. ಕನ್ನಡದಲ್ಲಿ ‘ಸೋಮವಾರದಿಂದ’ ಎನ್ನಲೂ ‘ಎರಡು ವರ್ಷದಿಂದ’ ಎನ್ನಲೂ ಒಂದೇ ‘ಇಂದ’ ಸಾಕಾಗುವುದರಿಂದ, ಇಂಗ್ಲಿಷಿನಲ್ಲಿ ಆರಂಭವಾದ ಗಳಿಗೆಗೆ ‘ಸಿನ್ಸ್’, ಕಳೆದ ಅವಧಿಗೆ ‘ಫಾರ್’ ಎಂಬ ಭೇದವಿರುವುದು ಅವರಿಗೆ ಹೊಳೆಯುವುದಿಲ್ಲ. ‘ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ಟೂ ಇಯರ್ಸ್’ ಎಂಬುದೇ ಸರಿ. ಸಿನ್ಸ್ ಇರುವ ಕಡೆ ವರ್ಷಗಳ ಎಣಿಕೆ ಬರಲೇಬಾರದು.

ಕಡಲೂರಿನವಳು: ಬರಲೇಬಾರದೇ? ‘ಇಟ್ ಈಸ್ ಟೂ ಇಯರ್ಸ್ ಸಿನ್ಸ್ ಹೀ ಲೆಫ್ಟ್’ ಎಂಬುದು ಅಪ್ಪಟ ಇಂಗ್ಲಿಷ್ ವಾಕ್ಯ. ಅದರಲ್ಲಿ ವರ್ಷಗಳ ಎಣಿಕೆಯೂ ಇದೆ, ಸಿನ್ಸ್ ಕೂಡ ಇದೆ.

ನಿವೃತ್ತ ಮೇಷ್ಟ್ರು: ಅಲ್ಲಿ ಸಿನ್ಸ್ ಆದ ಮೇಲೆ ಬಂದಿರುವುದು ‘ಹೀ ಲೆಫ್ಟ್’, ಅಂದರೆ ಒಂದು ಘಟನೆ. ಎಣಿಕೆ ಸಿನ್ಸ್‌ಗೆ ಮೊದಲೇ ಬಂದುಹೋಗಿದೆ. ನನ್ನ ನಿಯಮಕ್ಕೆ ಯಾವ ಭಂಗವೂ ಬಂದಿಲ್ಲ.

ವ್ಯಾಕರಣಪ್ರಿಯ: ‘ಒಂದೇ ಇಂದ’ ಎಂದು ಮೇಷ್ಟ್ರೇ ಬರೆದಿರುವುದು ಖೇದಕರ. ತೃತೀಯಾ ವಿಭಕ್ತಿಗೆ ‘ಇಂದ’, ಪಂಚಮೀ ವಿಭಕ್ತಿಗೆ ‘ದೆಸೆಯಿಂದ’ ಎಂದು ಶಾಲೆಯ ಪುಸ್ತಕಗಳೇ ಹೇಳುತ್ತವೆ. 13ನೇ ಶತಮಾನದ ಕೇಶಿರಾಜನು ತನ್ನ ಹಳಗನ್ನಡ ವ್ಯಾಕರಣಗ್ರಂಥವಾದ ಶಬ್ದಮಣಿದರ್ಪಣದಲ್ಲಿ ‘ಇಂ’ ಮತ್ತು ‘ಅತ್ತಣಿಂ’ ಎಂದು ಎರಡನ್ನೂ ಬೇರೆಬೇರೆಯಾಗಿಯೇ ಹೇಳಿದ್ದಾನೆ.

ಕಡಲೂರಿನವಳು: ‘ಸೋಮವಾರದ ದೆಸೆಯಿಂದ ಜ್ವರ ಇದೆ’ ಎಂದು ನಿಮ್ಮ ಮನೆಯಲ್ಲಿ ಯಾರಾದರೂ ಹೇಳಿದ್ದುಂಟೇ? ಹಾಗೆಂದರೆ ಸೋಮವಾರವೇ ಜ್ವರ ತರಿಸಿತು ಎಂದು ಅರ್ಥವಾದೀತು.

ವ್ಯಾಕರಣಪ್ರಿಯ: ಶಾಸ್ತ್ರದ ವಿಚಾರಕ್ಕೆ ಮನೆಮಾತನ್ನು ಎಳೆದು ತರುವುದು ವಾದವಲ್ಲ, ಉಡಾಫೆ. ಪಂಚಮಿಯು ಅಪಾದಾನಕ್ಕೆ, ಅಂದರೆ ಅಗಲಿಕೆಗೆ, ಮೀಸಲಾದುದು. ‘ಮರದ ದೆಸೆಯಿಂದ ಎಲೆ ಬಿದ್ದಿತು’ ಎಂಬ ಉದಾಹರಣೆಯನ್ನಾದರೂ ನೋಡಿರಿ.

ಕಡಲೂರಿನವಳು: ಆ ಎಲೆ ನಿಮ್ಮ ಪುಸ್ತಕದಲ್ಲಷ್ಟೇ ಹಾಗೆ ಬೀಳುತ್ತದೆ. ನಮ್ಮ ಅಂಗಳದಲ್ಲಿ ಅದು ‘ಮರದಿಂದ’ ಬೀಳುತ್ತದೆ.

ಮ್ಯೂನಿಕ್ ಕನ್ನಡತಿ: ಕೇಶಿರಾಜನ ಹೆಸರನ್ನೇ ಕೇಳಿರದ ಜರ್ಮನರೂ ಇದೇ ತಪ್ಪು ಮಾಡುತ್ತಾರೆ, ಏಕೆಂದರೆ ಅವರ ‘ಜೈಟ್’ ಎಂಬ ಪದವು ಸೋಮವಾರಕ್ಕೂ ಎರಡು ವರ್ಷಕ್ಕೂ ಸಮಾನವಾಗಿ ಸಲ್ಲುತ್ತದೆ, ಕ್ರಿಯಾಪದವೂ ನಮ್ಮಂತೆಯೇ ವರ್ತಮಾನದಲ್ಲಿರುತ್ತದೆ. ನಿಜವಾದ ತೊಡಕು ಕ್ರಿಯಾಪದದ್ದೆಂದು ನನಗನ್ನಿಸುತ್ತದೆ. ನಾವು ‘ಎರಡು ವರ್ಷ ಇದ್ದೆ’ ಎಂದರೆ ಮುಗಿದ ಕಥೆ, ‘ಎರಡು ವರ್ಷದಿಂದ ಇದ್ದೇನೆ’ ಎಂದರೆ ಇನ್ನೂ ನಡೆಯುತ್ತಿರುವುದು. ಇಂಗ್ಲಿಷಿನಲ್ಲಿ ಎರಡಕ್ಕೂ ‘ಫಾರ್’ ಒಂದೇ ಆಗಿ, ವ್ಯತ್ಯಾಸವನ್ನೆಲ್ಲ ‘ವಾಸ್’ ಮತ್ತು ‘ಹ್ಯಾವ್ ಬೀನ್’ ಹೊರಬೇಕಾಗುತ್ತದೆ.

ವ್ಯಾಕರಣಪ್ರಿಯ: ‘ಕೇಶಿರಾಜನ ಹೆಸರನ್ನೇ ಕೇಳಿರದ’ ಎಂಬ ಕುಹಕ ಅನಗತ್ಯವಾಗಿತ್ತು. ವಿದೇಶದಲ್ಲಿ ಕುಳಿತು ಹಳಗನ್ನಡವನ್ನು ಗೇಲಿ ಮಾಡುವುದು ಸುಲಭ.

ಮ್ಯೂನಿಕ್ ಕನ್ನಡತಿ: ನಾನು ಗೇಲಿ ಮಾಡಿದ್ದು ಯಾರನ್ನೂ ಅಲ್ಲ. ಬರಹದ ಉಳಿದ ಭಾಗವನ್ನೂ ಓದಿರಿ.

ನಿವೃತ್ತ ಮೇಷ್ಟ್ರು: ಜರ್ಮನರಲ್ಲೂ ಒಂದೇ ಪದ, ಅದೇ ತಪ್ಪು! ನಾನು ಮೊದಲೇ ಹೇಳಿದ್ದು ಇದನ್ನೇ.

ಕಡಲೂರಿನವಳು: ಇಷ್ಟು ಜನ ಮಾಡುವುದಾದರೆ ಅದನ್ನು ತಪ್ಪೆಂದು ಕರೆಯುವುದೇಕೆ? ಬೆಂಗಳೂರಿನ ಕಚೇರಿಗಳಲ್ಲಿ ‘ಸಿನ್ಸ್ ಟೂ ಇಯರ್ಸ್’ ಎಂದರೆ ಅರ್ಥವಾಗದವರು ಯಾರೂ ಇಲ್ಲ.

ನಿವೃತ್ತ ಮೇಷ್ಟ್ರು: ಅರ್ಥವಾಗುವುದು ಬೇರೆ, ಅರ್ಜಿ ನೋಡುವವರು ಕೆಂಪು ಗೆರೆ ಎಳೆಯುವುದು ಬೇರೆ.

ಹೊಸ ಅಭ್ಯರ್ಥಿ: ಹಾಗಾದರೆ ‘ಸಿನ್ಸ್ ಲಾಸ್ಟ್ ಟೂ ಇಯರ್ಸ್’ ಎಂದು ಬರೆಯಬಹುದೇ? ನನ್ನ ಅರ್ಜಿಯಲ್ಲಿ ಹಾಗೆಯೇ ಇದೆ, ನಾಳೆ ಕಳುಹಿಸಬೇಕು.

ನಿವೃತ್ತ ಮೇಷ್ಟ್ರು: ಬೇಡ. ‘ಫಾರ್ ದ ಲಾಸ್ಟ್ ಟೂ ಇಯರ್ಸ್’ ಎನ್ನಿ, ಇಲ್ಲವೇ ಸೇರಿದ ಇಸವಿಯನ್ನೇ ಹಾಕಿ ‘ಸಿನ್ಸ್ 2022’ ಎಂದು ಬರೆಯಿರಿ. ‘ಆಮ್ ವರ್ಕಿಂಗ್’ ಎಂಬುದನ್ನೂ ‘ಹ್ಯಾವ್ ಬೀನ್ ವರ್ಕಿಂಗ್’ ಎಂದು ಮಾಡಿಕೊಳ್ಳಿ.

ಮ್ಯೂನಿಕ್ ಕನ್ನಡತಿ: ಕ್ರಿಯಾಪದದ ಮಾತು ಕೊನೆಗೂ ಬಂದಿತು.

ವ್ಯಾಕರಣಪ್ರಿಯ: ಪಂಚಮಿಯ ಪ್ರಶ್ನೆಗೆ ಮಾತ್ರ ಇನ್ನೂ ಯಾರೂ ಉತ್ತರಿಸಿಲ್ಲ.

ಕಡಲೂರಿನವಳು: ನಿಮ್ಮ ದೆಸೆಯಿಂದಲೇ.