ಪುಟ್ಟ, ಸೈನ್ ಇದ್ರೆ ಮುಗೀತು ಅಂತ ಯಾರಂದ್ರು

ಪುಟ್ಟ, ಟೈಪ್ ಮಾಡೋಷ್ಟು ತಾಳ್ಮೆ ಇಲ್ಲ, ಮಾತಾಡ್ತಿದೀನಿ ಫೋನೇ ಬರ್ಕೊಳ್ತಿದೆ, ತಪ್ಪಿದ್ರೆ ಸರಿ ಮಾಡ್ಕೊಂಡು ಓದ್ಕೊ. ಬೆಳಿಗ್ಗೆ ನೀನು ಗ್ರೂಪಲ್ಲಿ ಹಾಕಿದ್ದೆ ನೋಡು, ಅಪ್ಪನಿಗೆ ಫೈನಾನ್ಸಿನವನು ಚೆಕ್ ಬೌನ್ಸ್ ನೋಟಿಸ್ ಕಳ್ಸಿದಾನೆ, ಸೈನ್ ಅಪ್ಪಂದೇ, ಸೈನ್ ಇದ್ರೆ ಸಾಲ ಇದೆ ಅಂತ ಕಾನೂನೇ ಅನ್ಕೊಳ್ಳುತ್ತಂತೆ, ಇನ್ನು ಲಾಯರಿಗೆ ದುಡ್ಡು ಯಾಕೆ ಸುರೀಬೇಕು ಅಂತ. ಚಿಂತಾಮಣೀಲಿ ಲಾಯರ ಆಫೀಸಲ್ಲಿ 22 ವರ್ಷ ಟೈಪ್ ಹೊಡ್ದಿರೋಳು ನಾನು, ಅರ್ಧ ಮಾತು ನಿಜ ಕಣೋ, ಇನ್ನರ್ಧ ಯಾರೋ ಟೀ ಅಂಗಡೀಲಿ ಹೇಳಿರೋದು.

ಕೋರ್ಟು ಮೊದಲೇ ಹಿಂಗೇ ಅಂತ ಅನ್ಕೊಳ್ಳೋದ್ರಲ್ಲಿ ಎರಡು ಜಾತಿ ಇದೆ, ಲಾಯರುಗಳು ಪ್ರಿಸಂಪ್ಷನ್ ಅಂತಾರೆ. ಒಂದು ಬೀಗ ಹಾಕಿದ್ದು, ಏನ್ ತಂದ್ರೂ ತೆಗಿಯಲ್ಲ. 7 ವರ್ಷದೊಳಗಿನ ಮಗು ಏನೇ ಮಾಡಿದ್ರೂ ಅಪರಾಧ ಅಲ್ಲ, ಆ ಮಗು ಎಷ್ಟೇ ಚೂಟಿ ಅಂತ ಸಾಕ್ಷಿ ತಂದ್ರೂ ಕೇಳಲ್ಲ. ಮದುವೆ ಇರುವಾಗ ಹುಟ್ಟಿದ ಮಗು ಆ ಗಂಡಂದೇ ಅನ್ನೋದೂ ಇದೇ ತರ, ಗಂಡ ಹೆಂಡ್ತಿ ಆಗ ಸೇರೋಕೆ ಚಾನ್ಸೇ ಇರ್ಲಿಲ್ಲ ಅಂತ ತೋರಿಸೋ ಒಂದೇ ಒಂದು ಕಿಂಡಿ ಬಿಟ್ಟಿದಾರೆ. 1872ರಲ್ಲಿ ಬರೆದಿದ್ದು, ಆಗ ಡಿಎನ್‌ಎ ಎಲ್ಲಿತ್ತು, ಅದಕ್ಕೇ 2014ರಲ್ಲಿ ಸುಪ್ರೀಂ ಕೋರ್ಟು ಒಂದು ಕೇಸಲ್ಲಿ ಡಿಎನ್‌ಎ ರಿಪೋರ್ಟೇ ಮೇಲು ಅಂದಿತ್ತು. ಅದಿರ್ಲಿ.

ಇನ್ನೊಂದು ಬರೀ ಚಿಲಕ ಹಾಕಿದ್ದು. ದೊಡ್ಡಪ್ಪ ಪಹಣೀಲಿ ನನ್ನ ಹೆಸರಿದೆ ಅಂತ ಮೀಸೆ ತಿರುವ್ತಾರಲ್ಲ, ಅದೂ ಇದೇ, ಪಹಣೀಲಿರೋದು ನಿಜ ಅಂತ ಅನ್ಕೊಳ್ತಾರೆ, ಸುಳ್ಳು ಅಂತ ತೋರಿಸೋವರೆಗೂ ಮಾತ್ರ. (ದೊಡ್ಡಪ್ಪ ಗ್ರೂಪಲ್ಲೇ ಇದೀರ, ಗೊತ್ತು, ಬೇಜಾರು ಮಾಡ್ಕೊಬ್ಯಾಡಿ.) ಚೆಕ್ಕೂ ಹಂಗೇ.

ಆದ್ರೆ ಚಿಲಕ ತಾನಾಗೇ ತೆಗ್ಕೊಳಲ್ಲ ಪುಟ್ಟ, ನಾವೇ ಕೈ ಹಾಕ್ಬೇಕು. ಖಾಲಿ ಚೆಕ್ ಸೆಕ್ಯೂರಿಟಿಗೆ ಕೊಟ್ಟಿದ್ದೆ, ಅಕ್ಷರ ನಂದಲ್ಲ ಅಂತ ಬಾಯಲ್ಲಿ ಹೇಳಿದ್ರೆ ನಡಿಯಲ್ಲ, ಸೈನ್ ಮಾಡಿ ಖಾಲಿ ಕೊಟ್ರೂ ಸಾಲಕ್ಕೇ ಕೊಟ್ಟಿದ್ದು ಅಂತ್ಲೇ ಹಿಡೀತಾರೆ ಅಂತ 2019ರಲ್ಲೇ ಸುಪ್ರೀಂ ಕೋರ್ಟು ಹೇಳಾಗಿದೆ. ನಮ್ಮ ಕರ್ನಾಟಕದ್ದೇ ಎರಡು ಕೇಸು ಹೇಳ್ತೀನಿ ಕೇಳು. 2010ರ ರಂಗಪ್ಪ ಕೇಸು, 45,000 ರೂಪಾಯಿ ಚೆಕ್ಕು, ಚೆಕ್ ಕಳ್ದೋಗಿತ್ತು ಅಂದ್ರು, ಸೋತ್ರು, ಅವರು ನೋಟಿಸಿಗೆ ಉತ್ತರ ಕೊಡದೇ ಸುಮ್ಮನಿದ್ದಿದ್ದನ್ನೂ ಕೋರ್ಟು ಲೆಕ್ಕಕ್ಕೆ ತಗೊಂಡಿತು. ಆದ್ರೆ ಅದೇ ತೀರ್ಪಲ್ಲಿ ಇನ್ನೊಂದು ಮಾತಿದೆ, ಆರೋಪಿ ನೂರಕ್ಕೆ ನೂರು ಸಾಬೀತು ಮಾಡ್ಬೇಕಿಲ್ಲ, ಇವನು ಹೇಳೋದೇ ಇದ್ರೂ ಇರ್ಬೋದು ಅಂತ ತಕ್ಕಡಿ ಈ ಕಡೆ ವಾಲಿದ್ರೆ ಸಾಕು ಅಂತ. 2019ರ ಬಸಲಿಂಗಪ್ಪ ಕೇಸಲ್ಲಿ ಆಗಿದ್ದು ಅದೇ, 6 ಲಕ್ಷದ ಚೆಕ್ಕು, ಸಾಲ ಕೊಟ್ಟೆ ಅಂದೋರು ರಿಟೈರ್ಡ್ ಬಸ್ ಕಂಡಕ್ಟರ್ರು, ಅಷ್ಟು ದುಡ್ಡು ನಿಮ್ಮತ್ರ ಎಲ್ಲಿತ್ತು ಅಂತ ಬಸಲಿಂಗಪ್ಪನ ಕಡೆಯವರು ಕೇಳಿದ್ರು, ಸರಿಯಾದ ಉತ್ತರ ಬರ್ಲಿಲ್ಲ, ಹೈಕೋರ್ಟು ಶಿಕ್ಷೆ ಕೊಟ್ಟಿದ್ದನ್ನ ಸುಪ್ರೀಂ ಕೋರ್ಟು ತೆಗ್ದಾಕ್ತು. ಸೈನು ಅಲ್ಲೂ ಇತ್ತು.

ಈಗ ನಿಮ್ಮಪ್ಪ ತಗೊಂಡಿದ್ದು 1 ಲಕ್ಷ, ರೇಷ್ಮೆ ಗೂಡು ತರಕ್ಕೆ, ಚೆಕ್ಕಲ್ಲಿ ಫೈನಾನ್ಸಿನವನು ಬರ್ಕೊಂಡಿರೋದು 3 ಲಕ್ಷ. ಫೋನ್‌ಪೇಲಿ ತೀರ್ಸಿರೋದು ಪ್ರತಿಯೊಂದೂ ಸ್ಟೇಟ್‌ಮೆಂಟ್ ತೆಗ್ಸು, ಕ್ಯಾಶ್ ಕೊಟ್ಟಾಗ ಅವನು ಬರ್ಕೊಟ್ಟ ಚೀಟಿಗಳು ನಿಮ್ಮಪ್ಪನ ಹಳೇ ಡೈರೀಲಿ ಇರ್ತಾವೆ, ಅಣ್ಣ ಏನೂ ಬಿಸಾಕೋನಲ್ಲ. ರೀಲಿಂಗ್ ಒಂದಿನ ನಿಂತ್ರೆ ನಿಲ್ಲಲಿ, ನಾಳೆ ಬೆಳಿಗ್ಗೆ 7ರ ಬಸ್ಸಿಗೇ ಶಿಡ್ಲಘಟ್ಟದಿಂದ ಇಬ್ರೂ ಹೊರಡಿ, ಲಾಯರಿಗೆ ನಾನು ಹೇಳಿಟ್ಟಿರ್ತೀನಿ. ನೋಟಿಸ್ ಕೈಗೆ ಬಂದ ದಿನದಿಂದ ದುಡ್ಡು ಕಟ್ಟೋಕೆ 15 ದಿನ, ನಮ್ಮ ಉತ್ತರ ಅಷ್ಟರೊಳಗೇ ಹೋಗ್ಬಿಡ್ಲಿ. ಆಮೇಲೆ ಆ ಕವರ್ ಒಲೆಗೆ ಹಾಕ್ಬ್ಯಾಡಿ, ನಿಮ್ಮಮ್ಮಂಗೂ ಹೇಳು, ಅದ್ರ ಮೇಲಿರೋ ಪೋಸ್ಟಿನ ಸೀಲು ಬೇಕು.