ಪ್ರಿಪೊಸಿಷನ್ನಿಗೆ ‘ಉಪಸರ್ಗ’ ಅನ್ನಬಹುದಾ?

ಎಲ್ರಿಗೂ ನಮಸ್ಕಾರ. ನಾನು ಮಂಡ್ಯದ ಹತ್ರ ಒಂದು ಹಳ್ಳೀಲಿ ಕನ್ನಡ ಮೀಡಿಯಂ ಹೈಸ್ಕೂಲ್ ಮಕ್ಳಿಗೆ ಸಂಜೆ ಹೊತ್ತು ಇಂಗ್ಲಿಷ್ ಗ್ರಾಮರ್ ಹೇಳ್ಕೊಡ್ತೀನಿ. ಅವರ ಕೈಲಿರೋ ಗೈಡಲ್ಲಿ ಪ್ರಿಪೊಸಿಷನ್ ಅಂದ್ರೆ ಉಪಸರ್ಗ ಅಂತ ಹಾಕಿದಾರೆ, ಇದು ಸರೀನಾ ಅನ್ನೋದೇ ನನ್ನ ಪ್ರಶ್ನೆ. ಸಂಸ್ಕೃತ ಓದಿರೋರಿಗೆ ಉಪಸರ್ಗ ಅಂದ ತಕ್ಷಣ ನೆನಪಾಗೋದು ಪ್ರ, ಪರಾ, ಅಪ, ಸಮ್ ಅಂತ ಶುರುವಾಗೋ 22ರ ಪಟ್ಟಿ. ಅವು ಪದಕ್ಕೇ ಅಂಟ್ಕೊಂಡು ಅರ್ಥ ಬದಲಾಯಿಸ್ತವೆ, ಪ್ರಹಾರ ಬೇರೆ, ವಿಹಾರ ಬೇರೆ, ಸಂಹಾರ ಬೇರೆ. ಇಂಗ್ಲಿಷಿನ ಇನ್, ಆನ್, ಅಟ್ ಥರದ ಪ್ರಿಪೊಸಿಷನ್‌ಗಳು ಮಾಡೋ ಕೆಲಸ ಅದಲ್ವಲ್ಲ, ಅವು ಬಿಡಿಯಾಗಿ ನಿಂತ್ಕೊಂಡು ನಾಮಪದಾನ ವಾಕ್ಯದ ಉಳಿದ ಭಾಗಕ್ಕೆ ಸೇರಿಸ್ತವೆ. ಕನ್ನಡದಲ್ಲಿ ಆ ಕೆಲಸ ವಿಭಕ್ತಿ ಪ್ರತ್ಯಯದ್ದು, ಇಲ್ಲಾಂದ್ರೆ ಮೇಲೆ, ಕೆಳಗೆ, ಹತ್ರ ಅನ್ನೋ ಥರದ ಪದಗಳದ್ದು.

ಮಕ್ಳು ಎಡವೋದೂ ಇಲ್ಲೇ. ‘ಮಂಡ್ಯಕ್ಕೆ ಹೋದೆ’ ಅನ್ನೋದನ್ನ ಒಬ್ಬ ಹುಡುಗ ‘ಐ ಮಂಡ್ಯ ಟು ವೆಂಟ್’ ಅಂತ ಬರ್ದ. ಅವನ ಲೆಕ್ಕ ನೋಡಿ, ‘ಕ್ಕೆ’ ಮಂಡ್ಯ ಆದ್ಮೇಲೆ ಬರುತ್ತೆ, ಕ್ರಿಯಾಪದ ಕೊನೇಲಿ ಬರುತ್ತೆ, ಎರಡೂ ಕನ್ನಡದ ಪ್ರಕಾರ ಪಕ್ಕಾ ಸರಿ. ಇನ್ನು ನಮ್ಮ ಸಪ್ತಮಿಯ ‘ಅಲ್ಲಿ’ ಒಂದೇ, ಡಬ್ಬೀಲಿ ಬೆಲ್ಲ, ಗೋಡೇಲಿ ಫೋಟೋ, ಬಸ್ ಸ್ಟ್ಯಾಂಡಲ್ಲಿ ಅಪ್ಪ, ಆದ್ರೆ ಇಂಗ್ಲಿಷಲ್ಲಿ ಮೊದಲನೇದಕ್ಕೆ ಇನ್, ಎರಡನೇದಕ್ಕೆ ಆನ್, ಮೂರನೇದಕ್ಕೆ ಅಟ್. ಇದನ್ನ ಉಪಸರ್ಗ ಅನ್ನೋ ಹೆಸರಿಟ್ಕೊಂಡು ವಿವರ್ಸೋಕೆ ಆಗಲ್ಲ, ಸಪ್ತಮಿ ವಿಭಕ್ತಿ ಅಂತ ಶುರು ಮಾಡಿದ್ರೆ ಮಕ್ಳಿಗೆ ಬೇಗ ಹತ್ತುತ್ತೆ.

ಹಂಗಂತ ಎಲ್ಲಾ ವಿಭಕ್ತಿಗೂ ಒಂದೊಂದು ಪ್ರಿಪೊಸಿಷನ್ ಇದೆ ಅಂತಲ್ಲ. ಒಬ್ಳು ಹುಡುಗಿ ‘ಅನ್ನು’ಗೆ ಇಂಗ್ಲಿಷಲ್ಲಿ ಏನು ಅಂತ ಕೇಳಿದ್ಲು, ತುಂಬಾ ಒಳ್ಳೇ ಪ್ರಶ್ನೆ. ನಾವು ‘ನಾಯಿ ಬೆಕ್ಕನ್ನ ಅಟ್ಟಿಸ್ತು’ ಅಂದ್ರೂ ‘ಬೆಕ್ಕನ್ನ ನಾಯಿ ಅಟ್ಟಿಸ್ತು’ ಅಂದ್ರೂ ಓಡಿದ್ದು ಬೆಕ್ಕೇ, ಯಾಕಂದ್ರೆ ‘ಅನ್ನು’ ಅದರ ಜೊತೇಲೇ ಇದೆ. ಇಂಗ್ಲಿಷಲ್ಲಿ ‘ದ ಡಾಗ್ ಚೇಸ್ಡ್ ದ ಕ್ಯಾಟ್’ ಅನ್ನೋದರಲ್ಲಿ ಡಾಗ್ ಮತ್ತೆ ಕ್ಯಾಟ್ ಜಾಗ ಬದಲಾಯಿಸಿ ನೋಡಿ, ಬೆಕ್ಕೇ ನಾಯೀನ ಅಟ್ಟಿಸ್ದಂಗಾಗುತ್ತೆ. ದ್ವಿತೀಯಾ ವಿಭಕ್ತಿ ಕೆಲಸಾನ ಅಲ್ಲಿ ಜಾಗವೇ ಮಾಡುತ್ತೆ, ಕರ್ತೃ, ಕ್ರಿಯಾಪದ, ಕರ್ಮ ಅನ್ನೋ ಸಾಲು ಮುರಿಯೋ ಹಂಗಿಲ್ಲ. ಪದ ಯಾವ ಜಾತಿ ಅನ್ನೋದೂ ಎಷ್ಟೋ ಸಲ ಜಾಗ ನೋಡಿದ್ಮೇಲೇ ಗೊತ್ತಾಗೋದು, ‘ಗಿವ್ ಮಿ ವಾಟರ್’ ಅಂದಾಗ ವಾಟರ್ ನಾಮಪದ, ‘ವಾಟರ್ ದ ಪ್ಲಾಂಟ್ಸ್’ ಅಂದಾಗ ಅದೇ ಕ್ರಿಯಾಪದ, ನಮಗಾದ್ರೆ ನೀರು ಬೇರೆ, ಗದ್ದೆಗೆ ನೀರು ಕಟ್ಟೋದು ಬೇರೆ. ಅದಕ್ಕೇ ವ್ಯಾಖ್ಯೆ ಬಾಯಿಪಾಠ ಮಾಡ್ಸೋಕಿಂತ ಮೊದ್ಲು ವಾಕ್ಯ ಕೊಟ್ಟು ಪದ ಎಲ್ಲಿ ಕೂತಿದೆ ನೋಡಿ ಅನ್ನಬೇಕು ಅಂತ ನಾನು ಹೇಳೋದು.

ಇಂಗ್ಲಿಷಿನ 8 ಪದವರ್ಗ, ಅಂದ್ರೆ ನಾಮಪದ, ಕ್ರಿಯಾಪದ, ಪ್ರಿಪೊಸಿಷನ್ ಅಂತೆಲ್ಲ ಪದಗಳನ್ನ ವಿಂಗಡಿಸೋ ಪಟ್ಟಿ, ಏನೂ ಕಲ್ಲಲ್ಲಿ ಕೆತ್ತಿದ್ದಲ್ಲ. ಆ ಪಟ್ಟಿ ಗ್ರೀಕ್ ವ್ಯಾಕರಣದಿಂದ ಬಂದಿದ್ದು, ಗ್ರೀಕಲ್ಲಿ ಆರ್ಟಿಕಲ್ (ಇಂಗ್ಲಿಷಿನ ‘ದ’ ಥರದ ಪದ) ಇತ್ತು, ಲ್ಯಾಟಿನ್‌ನಲ್ಲಿ ಇರ್ಲಿಲ್ಲ, ಹಂಗಾಗಿ ರೋಮನ್ನರು ಅದನ್ನ ಬಿಟ್ಟು ಇಂಟರ್ಜೆಕ್ಷನ್ (ಅಯ್ಯೋ, ಅಬ್ಬಾ ಥರದ ಉದ್ಗಾರ) ಸೇರಿಸ್ಕೊಂಡ್ರು. ಅವರವರ ಭಾಷೆಗೆ ತಕ್ಕಂಗೆ ಅವರು ತಿದ್ಕೊಂಡಿದಾರೆ ಅಂದ್ಮೇಲೆ, ಬೇರೆ ಅರ್ಥ ಇರೋ ಸಂಸ್ಕೃತ ಪದಾನೇ ನಾವು ಯಾಕೆ ಎಳ್ಕೊಂಡು ಬರಬೇಕು.

‘ಸಂಬಂಧಸೂಚಕ’ ಅನ್ನಬಹುದು, ಆದ್ರೆ ಅದು ನಾಮಪದದ ಮುಂಚೆ ಬರುತ್ತೆ ಅನ್ನೋದು ಆ ಹೆಸರಲ್ಲಿ ಕಾಣಲ್ಲ. ‘ಮುಂಚೆ ಬರೋ ವಿಭಕ್ತಿ’ ಅಂತ ಸದ್ಯಕ್ಕೆ ಬೋರ್ಡ್ ಮೇಲೆ ಬರೀತಿದೀನಿ. ಮೈಸೂರು ಮಂಡ್ಯ ಕಡೆ ಪಾಠ ಮಾಡೋ ಮೇಷ್ಟ್ರುಗಳು, ಮೇಡಂಗಳು ಕ್ಲಾಸಲ್ಲಿ ಯಾವ ಪದ ಬಳಸ್ತೀರಿ, ಪ್ರಿಪೊಸಿಷನ್ ಅಂತಲೇ ಬಿಡ್ತೀರಾ? ಹಳೇ ಕನ್ನಡ ಇಂಗ್ಲಿಷ್ ವ್ಯಾಕರಣ ಪುಸ್ತಕ ಇಟ್ಕೊಂಡಿರೋರು ಅದರಲ್ಲಿ ಏನು ಹಾಕಿದಾರೆ ಅಂತ ದಯವಿಟ್ಟು ನೋಡಿ ಹೇಳಿ.