407 ಹಿಂದಿನ ಪ್ಲೇಟ್ ಮತ್ತೆ ಕಟ್ಟಾಯ್ತು, ಯಾವ ಸೆಟ್ ಹಾಕಿಸ್ಲಿ?

ಮಾದಾಪುರ ತೋಟ

ಎಲ್ಲರಿಗೂ ನಮಸ್ಕಾರ. ನಮ್ಮನೇಲಿ 2004ರ ಟಾಟಾ 407 ಇದೆ, ಕೆಎ 12 ಗಾಡಿ, ಅಪ್ಪ ಹೊಸದಾಗಿ ತಗೊಂಡಿದ್ದು, ಅವರು ಹೋದ್ಮೇಲೆ ನಾನೇ ನೋಡ್ಕೋತಾ ಇದೀನಿ. ಇಂಜಿನ್ ಈಗ್ಲೂ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಗುತ್ತೆ, ಮಾರೋ ಮನಸ್ಸಿಲ್ಲ. ತೊಂದ್ರೆ ಏನಂದ್ರೆ ಹಿಂದೆ ಎಡಗಡೆ ಪ್ಲೇಟ್ (ಗಾಡಿ ಭಾರ ಹೊರೋ ಕಮಾನಿನಂಥ ಸ್ಟೀಲ್ ಪಟ್ಟಿಗಳ ಸ್ಪ್ರಿಂಗ್) ಒಂದು ವರ್ಷದೊಳಗೆ ಎರಡನೇ ಸಲ ಕಟ್ಟಾಯ್ತು. ಮೊದಲ ಸಲ ಕಳೆದ ಕುಯ್ಲಿನ ಟೈಮಲ್ಲಿ, ಆಗ ಮೇನ್ ಪ್ಲೇಟ್ ಒಂದನ್ನೇ ಬದಲಾಯಿಸಿ ಉಳಿದ ಹಳೇ ಪ್ಲೇಟ್‌ಗಳನ್ನ ಬೆಂಕೀಲಿ ಕಾಯ್ಸಿ ಬಡಿದು ಬಗ್ಗಿಸಿ ಹಾಕಿಕೊಟ್ರು. ಈಗ ಕೈಲ್‌ಪೊಳ್ದ್ ಹಬ್ಬ ಮುಗಿದ ಮಾರನೇ ವಾರ ಸುಂಟಿಕೊಪ್ಪದಿಂದ ಗೊಬ್ಬರ ತುಂಬ್ಕೊಂಡು ಬರೋವಾಗ ತೋಟದ ಮೋರಿ ಹತ್ರ ಟಪ್ ಅಂತ ಸದ್ದು, ಇಳಿದು ನೋಡಿದ್ರೆ ಗಾಡಿ ಎಡಕ್ಕೆ ವಾಲಿದೆ.

ಈಗ ನಾಲ್ಕು ದಾರಿ ಹೇಳ್ತಿದಾರೆ. ಕಂಪನಿ ಜೆನ್ಯೂನ್ ಸೆಟ್, ಬೇರೆ ಬ್ರ್ಯಾಂಡ್ ಸೆಟ್, ಲೋಕಲ್ ಆಗಿ ಮಾಡಿಸಿದ ಪ್ಲೇಟ್, ಇಲ್ಲಾಂದ್ರೆ ಗುಜರಿಯಿಂದ ಒಳ್ಳೇ ಸೆಟ್ ಹುಡ್ಕಿ ತರೋದು. ರೇಟಲ್ಲಿ ತುಂಬಾ ವ್ಯತ್ಯಾಸ ಇದೆ. ಗಾಡಿ ಹಳೇದಾದ್ರಿಂದ ವರ್ಷ ವರ್ಷ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಬೇರೆ ಮಾಡಿಸ್ಬೇಕು. ಡಿಸೆಂಬರ್‌ಗೆ ಅರೇಬಿಕಾ ಕಾಫಿ ಹಣ್ಣು ಶುರು, ಆಮೇಲೆ ರೋಬಸ್ಟಾ, ಆ ಟೈಮಲ್ಲಿ ಗಾಡಿ ನಿಂತ್ರೆ ಹಣ್ಣು ಕಣಕ್ಕೆ ಬರೋದೇ ನಿಲ್ಲುತ್ತೆ. ಅನುಭವ ಇರೋರು ದಯವಿಟ್ಟು ಹೇಳಿ. ಶಾಕ್ ಅಬ್ಸಾರ್ಬರ್ ಕೂಡ ಬದಲಾಯಿಸ್ಬೇಕು ಅಂತಿದಾರೆ, ಅದು ನಿಜವಾಗ್ಲೂ ಬೇಕಾ?

ಸಂಪಾಜೆ ಘಾಟ್

ಗುಜರಿ ಪ್ಲೇಟ್ ಮಾತ್ರ ಬೇಡ ಮಾರಾಯ್ರೆ. ಪ್ಲೇಟ್ ಹೊರಗಿಂದ ನೋಡ್ಲಿಕ್ಕೆ ಚಂದ ಇರ್ತದೆ, ಅದು ಎಷ್ಟು ಲೋಡ್ ಹೊತ್ತಿದೆ ಎಷ್ಟು ಗುಂಡಿ ಇಳಿದಿದೆ ಅಂತ ಯಾರಿಗೆ ಗೊತ್ತು? ನಾನು ಒಂದ್ಸಲ ಹಾಗೇ ಹಾಕಿಸಿ ಮಡಿಕೇರಿಯಿಂದ ಸಂಪಾಜೆಗೆ ಇಳಿಯುವಾಗ ತಿರುವಿನಲ್ಲಿ ಕಟ್ಟಾಗಿ, ಆಕ್ಸಲ್ ಒಂದು ಬದಿ ಹಿಂದೆ ಜರುಗಿ, ಟಯರ್ ಬಾಡಿಗೆ ಉಜ್ಜಿ ಹೊಗೆ ಬಂತು. ಲೋಡ್ ಕಮ್ಮಿ ಇತ್ತು, ಬದಿಯಲ್ಲಿ ನಿಲ್ಲಿಸ್ಲಿಕ್ಕೆ ಜಾಗ ಇತ್ತು, ಹಾಗಾಗಿ ಬಚಾವ್. ಆಮೇಲೆ ನಾನು ಹಿಂದಿನ ಎರಡೂ ಕಡೆ ಹೊಸ ಸೆಟ್ ಹಾಕಿಸಿದೆ. ಒಂದೇ ಬದಿ ಹಾಕಿಸಿದ್ರೆ ಹೊಸದು ಎತ್ತರ ನಿಲ್ತದೆ ಹಳೇದು ಕೂತಿರ್ತದೆ, ಗಾಡಿ ಯಾವಾಗ್ಲೂ ಓರೆ, ಲೋಡ್ ಒಂದು ಬದಿಗೇ ಬೀಳ್ತದೆ. ಖರ್ಚು ಡಬಲ್ ಆಗ್ತದೆ ಅಂತ ಗೊತ್ತು, ಆದ್ರೆ ಎರಡೂ ಒಟ್ಟಿಗೆ ಹಾಕಿಸಿ.

ಕುಶಾಲನಗರ ವರ್ಕ್‌ಶಾಪ್

ಯಾವ ಬ್ರ್ಯಾಂಡ್ ಅಂತ ಕೇಳೋಕೆ ಮುಂಚೆ ಒಂದು ವಿಷ್ಯ ಹೇಳಿ, ಪ್ಲೇಟ್ ಎಲ್ಲಿ ಕಟ್ಟಾಗಿದೆ? ನಾನು 22 ವರ್ಷದಿಂದ ಇದೇ ಕೆಲ್ಸ ಮಾಡ್ತಿದೀನಿ, ಕಟ್ಟಾದ ಜಾಗ ನೋಡಿದ್ರೆ ಅರ್ಧ ಕಾರಣ ಅಲ್ಲೇ ಸಿಗುತ್ತೆ.

ಸರಿಯಾಗಿ ನಡುವೆ, ಪ್ಲೇಟ್‌ಗಳನ್ನ ಒಟ್ಟಿಗೆ ಹಿಡಿಯೋ ಸೆಂಟರ್ ಬೋಲ್ಟ್ ತೂತಿನ ಹತ್ರ ಕಟ್ಟಾಗಿದ್ರೆ ನೂರಕ್ಕೆ ತೊಂಬತ್ತು ಪಾಲು ಯು ಬೋಲ್ಟ್ (ಸೆಟ್ಟನ್ನ ಆಕ್ಸಲ್‌ಗೆ ಬಿಗಿಯೋ ಬೋಲ್ಟ್) ಲೂಸ್ ಇತ್ತು ಅಂತ ಅರ್ಥ. ಯು ಬೋಲ್ಟ್ ಬಿಗಿಯಾಗಿ ಹಿಡ್ಕೊಂಡಿದ್ರೆ ಆ ನಡುವಿನ ಭಾಗ ಬಗ್ಗೋದೇ ಇಲ್ಲ, ಲೂಸ್ ಆದ್ರೆ ಬಗ್ಗೋಕೆ ಶುರು ಮಾಡುತ್ತೆ, ಅಲ್ಲಿ ಮೊದ್ಲೇ ತೂತು ಇರೋದ್ರಿಂದ ಅಲ್ಲೇ ಬಿರುಕು ಬಿಡುತ್ತೆ. ತುದೀಲಿ ಕಣ್ಣಿನ (ಪಿನ್ ಕೂರೋ ಸುರುಳಿ) ಹತ್ರ ಕಟ್ಟಾಗಿದ್ರೆ ಅದರೊಳಗಿನ ಬುಶ್ ಸವೆದಿದೆ ಅಥವಾ ಪ್ಲೇಟ್ ತುದೀನ ಚಾಸಿಗೆ ಹಿಡಿಯೋ ಶ್ಯಾಕಲ್ ಪಿನ್ ತುಕ್ಕು ಹಿಡಿದು ಜಾಮ್ ಆಗಿದೆ, ಪ್ಲೇಟ್ ಉದ್ದ ಆಗೋಕೆ ಬಿಡ್ತಾ ಇಲ್ಲ. ಎರಡರ ಮಧ್ಯೆ ಎಲ್ಲೋ ಕಟ್ಟಾಗಿದ್ರೆ ಓವರ್‌ಲೋಡ್, ಇಲ್ಲಾ ಸ್ಟೀಲ್ ಸರಿ ಇಲ್ಲ, ಇಲ್ಲಾ ಬೆಂಕೀಲಿ ಕಾಯ್ಸಿದ್ದು. ಕಾರಣ ಸರಿ ಮಾಡ್ದೆ ಎಂಥಾ ದುಬಾರಿ ಸೆಟ್ ಹಾಕಿದ್ರೂ ಮುಂದಿನ ಕುಯ್ಲಿಗೆ ಇದೇ ಕತೆ.

ಆ ಕಾಯ್ಸಿ ಬಡಿದಿರೋದು ದೊಡ್ಡ ತಪ್ಪು. ಪ್ಲೇಟ್ ಸ್ಟೀಲನ್ನ ಫ್ಯಾಕ್ಟರೀಲಿ ಲೆಕ್ಕದ ಬಿಸಿಗೆ ಕಾಯ್ಸಿ, ಎಣ್ಣೇಲಿ ಅದ್ದಿ, ಮತ್ತೆ ಕಮ್ಮಿ ಬಿಸೀಲಿ ಹದ ಮಾಡಿರ್ತಾರೆ. ಆ ಹದದಿಂದಾನೇ ಅದು ಬಗ್ಗಿ ವಾಪಸ್ ಬರೋದು. ಕುಲುಮೇಲಿ ಕೆಂಪಗೆ ಕಾಯ್ಸಿದ್ರೆ ಹದ ಹೋಯ್ತು, ಒಂದು ಕಡೆ ಮೆತ್ತಗೆ ಒಂದು ಕಡೆ ಗಾಜಿನ ಹಾಗೆ. ನೋಡೋಕೆ ಮಾತ್ರ ಕಮಾನು ಚೆನ್ನಾಗಿ ಬಂದಿರುತ್ತೆ.

ಮಾದಾಪುರ ತೋಟ

ಅಣ್ಣ, ಈಗ ಹೋಗಿ ಟಾರ್ಚ್ ಬಿಟ್ಟು ನೋಡ್ದೆ. ಮೇನ್ ಪ್ಲೇಟ್ ನಡುವಿನ ತೂತಿನ ಹತ್ರಾನೇ ಎರಡು ತುಂಡು. ಅದರ ಕೆಳಗಿಂದು ಸ್ವಲ್ಪ ಆಚೆ ಕಟ್ಟಾಗಿದೆ, ಬಿರುಕಿನ ಅರ್ಧ ಭಾಗ ತುಕ್ಕು ಬಣ್ಣ, ಅರ್ಧ ಹೊಳೀತಾ ಇದೆ. ಯು ಬೋಲ್ಟ್ ಹಳೇದೇ ವಾಪಸ್ ಹಾಕಿದ್ರು, ಥ್ರೆಡ್ ಎಲ್ಲ ಸವೆದಿದೆ. ಅದಾದ್ಮೇಲೆ ಮತ್ತೆ ಟೈಟ್ ಮಾಡಿಸಿಲ್ಲ, ಮಾಡಿಸ್ಬೇಕು ಅಂತ ನಂಗೆ ಯಾರೂ ಹೇಳಿರ್ಲಿಲ್ಲ. ಲೋಡ್ ಸಾಮಾನ್ಯವಾಗಿ 50 ಮೂಟೆ ಚೆರಿ, ಕೆಲವು ಸಲ 60 ಆಗುತ್ತೆ.

ಕುಶಾಲನಗರ ವರ್ಕ್‌ಶಾಪ್

ಹಾಗಾದ್ರೆ ಎರಡೂ ಕಾರಣ ಇದೆ. ತುಕ್ಕು ಬಣ್ಣದ ಭಾಗ ಅಂದ್ರೆ ಆ ಬಿರುಕು ಮಳೆಗಾಲದಿಂದಾನೇ ಇತ್ತು, ಹೊಳೆಯೋ ಭಾಗ ಮೊನ್ನೆ ಮೋರೀಲಿ ಹೋಗಿದ್ದು. 50 ಕೆಜಿ ಮೂಟೆ 60 ಅಂದ್ರೆ 3 ಟನ್ ಆಯ್ತಲ್ಲ, ಆರ್‌ಸೀಲಿ ಬರೆದಿರೋ ತೂಕ ತೆಗೆದು ಒಂದ್ಸಲ ನೋಡಿ. ತೋಟದ ಇಳಿಜಾರಲ್ಲಿ ಒಂದು ಚಕ್ರ ಗುಂಡಿಗೆ ಬಿದ್ದಾಗ ಆ ಕಡೆ ಪ್ಲೇಟಿಗೆ ಅದರ ಪಾಲಿಗಿಂತ ಎಷ್ಟೋ ಜಾಸ್ತಿ ಬೀಳುತ್ತೆ.

ಈಗ ಸೆಟ್ ವಿಷ್ಯ. 407 ಬಂದಿದ್ದು 1986ರಲ್ಲಿ, ಅಲ್ಲಿಂದ ಇಲ್ಲಿವರೆಗೆ ಎಷ್ಟೋ ಮಾಡೆಲ್ ಬಂದಿದೆ, ಅದಕ್ಕೆ "407 ಪ್ಲೇಟ್ ಕೊಡಿ" ಅಂತ ಕೇಳಿದ್ರೆ ಸಾಲಲ್ಲ. ಚಾಸಿ ನಂಬರ್ ಬರ್ಕೊಂಡು ಹೋಗಿ ಪಾರ್ಟ್ ನಂಬರ್ ತೆಗ್ಸಿ. ಅದರ ಜೊತೆ ಕಟ್ಟಾಗದೇ ಇರೋ ಬಲಗಡೆ ಸೆಟ್‌ದು ಅಗಲ, ಪ್ರತಿ ಪ್ಲೇಟಿನ ದಪ್ಪ, ಎಷ್ಟು ಪ್ಲೇಟ್, ಕಣ್ಣಿನ ಒಳಗಿನ ಅಳತೆ, ಮತ್ತೆ ಸೆಂಟರ್ ಬೋಲ್ಟಿಂದ ಮುಂದಿನ ಕಣ್ಣಿಗೆ ಎಷ್ಟು ಹಿಂದಿನ ಕಣ್ಣಿಗೆ ಎಷ್ಟು ಅಂತ ಬೇರೆ ಬೇರೆ ಅಳತೆ ತಗೊಳ್ಳಿ, ಅವೆರಡೂ ಯಾವಾಗ್ಲೂ ಒಂದೇ ಇರಲ್ಲ. ಉಲ್ಟಾ ಹಾಕಿದ್ರೆ ಆಕ್ಸಲ್ ಜಾಗ ತಪ್ಪುತ್ತೆ.

ಬ್ರ್ಯಾಂಡ್ ಅಂದ್ರೆ ಕಂಪನಿ ಜೆನ್ಯೂನ್ ಸಿಕ್ಕಿದ್ರೆ ಯೋಚ್ನೆ ಮಾಡೋದೇ ಬೇಡ. ಸಿಗ್ಲಿಲ್ಲ ಅಂದ್ರೆ ಗಾಡಿ ಕಂಪನಿಗಳಿಗೇ ಪ್ಲೇಟ್ ಕೊಡೋರ ಮಾಲು ತಗೊಳ್ಳಿ, ಉದಾಹರಣೆಗೆ ಯಮುನಾನಗರದ ಜಮ್ನಾ ಅವರದ್ದು, ಜೈ ಅಂತ ಬರುತ್ತೆ. ಸ್ಟೀಲ್ ಇಎನ್ 45, ಎಸ್‌ಯುಪಿ 9, ಕ್ರೋಮ್ ವನೇಡಿಯಂ ಅಂತೆಲ್ಲ ಹೇಳ್ತಾರೆ, ಎಲ್ಲಾ ಒಳ್ಳೇದೇ, ಆದ್ರೆ ಅದು ಕಣ್ಣಿಗೆ ಕಾಣಲ್ಲ. ನಾವು ನೋಡೋಕೆ ಆಗೋದು ಇಷ್ಟು: ಪ್ಲೇಟ್ ಮೇಲೆ ತಯಾರಕರ ಪಂಚ್ ಇದೆಯಾ, ಅಂಚು ನುಣುಪಾಗಿದೆಯಾ, ತೂತಿನ ಸುತ್ತ ಗೀರು ಇದೆಯಾ, ಒಂದರ ಮೇಲೊಂದು ಇಟ್ರೆ ಗ್ಯಾಪ್ ಸಮ ಇದೆಯಾ. ಶಾಟ್ ಪೀನಿಂಗ್ ಅಂತ ಸಣ್ಣ ಸ್ಟೀಲ್ ಗುಂಡು ಹೊಡೆದು ಮೇಲ್ಮೈ ಗಟ್ಟಿ ಮಾಡಿರ್ತಾರೆ, ಲೋಡ್ ಬಿದ್ದಾಗ ಪ್ಲೇಟಿನ ಮೇಲುಗಡೆ ಎಳೆತ ಬರೋದು, ಬಿರುಕು ಶುರುವಾಗೋದು ಅಲ್ಲೇ, ಅದಕ್ಕೇ ಆ ಕೆಲಸ. ಲೋಕಲ್ ಪ್ಲೇಟಲ್ಲಿ ಇದು ಇರೋದಿಲ್ಲ, ರೇಟ್ ಕಮ್ಮಿ ಇರೋಕೆ ಅದೂ ಒಂದು ಕಾರಣ.

ಶನಿವಾರಸಂತೆ ಪಿಕಪ್

ಇಷ್ಟೆಲ್ಲಾ ಯಾಕೆ, ಒಂದು ಪ್ಲೇಟ್ ಎಕ್ಸ್‌ಟ್ರಾ ಹಾಕಿಸಿಬಿಡಿ. ನಮ್ಮ ಕಡೆ ಮರದ ಗಾಡಿಗಳಿಗೆಲ್ಲ ಹಾಗೇ ಮಾಡ್ತಾರೆ, ಕೂರೋದೇ ಇಲ್ಲ.

ಕುಶಾಲನಗರ ವರ್ಕ್‌ಶಾಪ್

ಬೇಡ ಸರ್, ನಾನು ಹಾಕಿಕೊಡಲ್ಲ. ಪ್ಲೇಟ್ ಕೂರಲ್ಲ ನಿಜ, ಆದ್ರೆ ಪ್ಲೇಟ್ ತಡೀಬೇಕಾದ ಪೆಟ್ಟು ಚಾಸಿಗೆ ಹೋಗುತ್ತೆ. ಬ್ರಾಕೆಟ್ ರಿವೆಟ್ ಲೂಸ್ ಆಗಿರೋದು, ಪ್ಲೇಟ್ ಸಿಕ್ಕಿಸಿರೋ ಹ್ಯಾಂಗರ್ ಹತ್ರ ಚಾಸಿ ಬಿರುಕು ಬಿಟ್ಟಿರೋದು, ಇಂಥ ಗಾಡಿಗಳಲ್ಲೇ ನಾನು ಜಾಸ್ತಿ ನೋಡಿರೋದು. 20 ವರ್ಷ ಮಳೇಲಿ ನೆಂದಿರೋ ಚಾಸಿ ಅದು. ಪ್ಲೇಟ್ ಹೋದ್ರೆ ಒಂದು ದಿನದ ಕೆಲ್ಸ, ಚಾಸಿ ಹೋದ್ರೆ ಗಾಡಿನೇ ಹೋಯ್ತು. ಖಾಲಿ ಗಾಡೀಲಿ ಹಿಂದಿನ ಚಕ್ರ ಕುಣಿಯುತ್ತೆ, ಒದ್ದೆ ರೋಡಲ್ಲಿ ಬ್ರೇಕ್ ಹಿಡಿದ್ರೆ ಜಾರುತ್ತೆ. 60 ಮೂಟೆ ಇದ್ದಾಗ ಎರಡು ಟ್ರಿಪ್ ಹೊಡೀರಿ.

ವಿರಾಜಪೇಟೆ ಕಾಫಿ

ಶಾಕ್ ಅಬ್ಸಾರ್ಬರ್ ವಿಷ್ಯ ನಾನು ಹೇಳ್ತೀನಿ, ಯಾಕಂದ್ರೆ ನಮ್ಮ ತೋಟದ ಗಾಡಿಗೆ ನಾನೇ ನಿಂತು ಮಾಡಿಸಿದ್ದು. ಒಂದು ಅಂಗಡೀಲಿ ಹೆಸರುವಾಸಿ ಕಂಪನಿ ಬಾಕ್ಸಲ್ಲಿ ಡೂಪ್ಲಿಕೇಟ್ ಕೊಟ್ರು, ಬಿಲ್ ಕೇಳಿದ್ರೆ ಚೀಟೀಲಿ ಬರ್ಕೊಟ್ರು, ಎರಡು ತಿಂಗಳಿಗೆ ಆಯಿಲ್ ಸುರೀತು, ವಾಪಸ್ ಕೇಳೋಕೆ ನನ್ ಹತ್ರ ದಾಖಲೆನೇ ಇಲ್ಲ. ಆಮೇಲಿಂದ ಜಿಎಸ್‌ಟಿ ಬಿಲ್ ಇಲ್ದೆ ಏನೂ ತಗೊಳ್ಳಲ್ಲ. ಈಗ ಗೇಬ್ರಿಯಲ್ ಹಾಕಿಸಿದೀನಿ, ಮೂರು ಮಳೆಗಾಲ ಆಯ್ತು, ಆಯಿಲ್ ಸುರಿದಿಲ್ಲ. ಬಾಕ್ಸ್ ಮೇಲಿನ ಪಾರ್ಟ್ ನಂಬರ್ ಮತ್ತೆ ಶಾಕ್ ಮೇಲಿನ ನಂಬರ್ ಒಂದೇನಾ ನೋಡಿ. ಕೈಯಲ್ಲಿ ನೆಟ್ಟಗೆ ಹಿಡಿದು ಐದಾರು ಸಲ ಪೂರ್ತಿ ಎಳೆದು ಒತ್ತಿ, ಮಲಗಿಸಿ ಇಟ್ಟಿದ್ರೆ ಒಳಗೆ ಗಾಳಿ ಸೇರಿರುತ್ತೆ, ಅದು ಹೋದ್ಮೇಲೆ ಎಲ್ಲೂ ಸಡಿಲ ಬಿಡದೆ ಒಂದೇ ಸಮ ಬಿಗಿ ಇರ್ಬೇಕು.

ಬೇಕಾ ಅಂತ ಕೇಳಿದ್ರಲ್ಲ, ಹಳೇ ಶಾಕ್ ಆಯಿಲ್ ಸುರೀತಿದ್ರೆ ಖಂಡಿತ ಬೇಕು. ಗುಂಡಿ ದಾಟಿದ್ಮೇಲೂ ಗಾಡಿ ಮೂರು ನಾಲ್ಕು ಸಲ ಎದ್ದು ಕೂತು ಮಾಡುತ್ತಲ್ಲ, ಆ ಪ್ರತಿ ಸಲಾನೂ ಪ್ಲೇಟ್ ಬಗ್ಗಿ ಎದ್ದಿರುತ್ತೆ. ಹೊಸ ಪ್ಲೇಟ್ ಹಾಕಿ ಸತ್ತ ಶಾಕ್ ಬಿಟ್ರೆ ಪ್ಲೇಟಿನ ಆಯಸ್ಸು ಕಮ್ಮಿ ಆಗುತ್ತೆ.

ಮಾದಾಪುರ ತೋಟ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹಿಂದಿನ ಎರಡೂ ಸೆಟ್, ಯು ಬೋಲ್ಟ್, ಸೆಂಟರ್ ಬೋಲ್ಟ್, ಬುಶ್, ಶ್ಯಾಕಲ್ ಪಿನ್, ಎರಡು ಶಾಕ್, ಇಷ್ಟನ್ನೂ ಒಟ್ಟಿಗೆ ತರ್ತೀನಿ. ಸೋಮವಾರ ಮೈಸೂರಿಗೆ ಹೋಗ್ತೀನಿ, ಅಲ್ಲಿ ಸಿಗ್ದಿದ್ರೆ ಬೆಂಗಳೂರಿನ ಜೆಸಿ ರೋಡಲ್ಲಿ ನೋಡ್ತೀನಿ. ಅಣ್ಣ, ಫಿಟ್ಟಿಂಗ್‌ನಲ್ಲಿ ನಾನು ನಿಂತು ಏನೇನು ನೋಡ್ಕೋಬೇಕು?

ಕುಶಾಲನಗರ ವರ್ಕ್‌ಶಾಪ್

ಪ್ಲೇಟ್ ಕೂರೋ ಸೀಟ್ ಪೂರ್ತಿ ಕೆರೆದು ಕ್ಲೀನ್ ಮಾಡಿಸಿ, ನಮ್ಮ ಕೆಂಪು ಮಣ್ಣು ಗಟ್ಟಿ ಆಗಿ ಕೂತಿರುತ್ತೆ, ಅದರ ಮೇಲೇ ಟೈಟ್ ಮಾಡಿದ್ರೆ ಮಣ್ಣು ಕರಗಿದ ದಿನ ಬೋಲ್ಟ್ ಲೂಸ್. ಯು ಬೋಲ್ಟ್ ನಾಲ್ಕು ನಟ್ಟನ್ನ ಅಡ್ಡಡ್ಡ ಸ್ವಲ್ಪ ಸ್ವಲ್ಪ ಟೈಟ್ ಮಾಡ್ಬೇಕು, ಪೈಪ್ ಹಾಕಿ ಅಂದಾಜಲ್ಲಿ ಎಳೆಯೋದು ಬೇಡ, ಟಾರ್ಕ್ ವ್ರೆಂಚಲ್ಲಿ ಮ್ಯಾನುಯಲ್‌ನಲ್ಲಿ ಇರೋ ಅಳತೆಗೆ ಟೈಟ್ ಮಾಡಿಸಿ. ರಬ್ಬರ್ ಬುಶ್ ಆದ್ರೆ ಕಣ್ಣಿನ ಬೋಲ್ಟ್‌ಗಳನ್ನ ಜಾಕ್ ಇಳಿಸಿ ಗಾಡಿ ನೆಲದ ಮೇಲೆ ನಿಂತ್ಮೇಲೇ ಕೊನೇ ಟೈಟ್ ಮಾಡ್ಬೇಕು, ಇಲ್ಲಾಂದ್ರೆ ರಬ್ಬರ್ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತೆ. ಲೋಹದ ಬುಶ್ ಆದ್ರೆ ನಿಪ್ಪಲ್‌ಗೆ ಗ್ರೀಸ್ ಹೊಡ್ಸಿ, ಹಳೇ ಗ್ರೀಸ್ ಆಚೆ ಬರೋ ತನಕ. ಮಳೆಗಾಲದಲ್ಲಿ ತಿಂಗಳಿಗೊಂದ್ಸಲ ಹೊಡೀಲೇಬೇಕು. ಹತ್ರ ವೆಲ್ಡಿಂಗ್ ಮಾಡೋಕೆ ಬಿಡ್ಬೇಡಿ, ಕಿಡಿ ಬಿದ್ದ ಜಾಗದಲ್ಲೇ ಪ್ಲೇಟ್ ಬಿರುಕು ಬಿಡುತ್ತೆ.

ಮೊದಲ ಲೋಡ್ ಇಳಿಸಿದ ದಿನ ಯು ಬೋಲ್ಟ್ ಇನ್ನೊಂದ್ಸಲ ಟೈಟ್, 500 ಕಿಲೋಮೀಟರ್ ಆದ್ಮೇಲೆ ಮತ್ತೊಂದ್ಸಲ. ಈ ಕಡೆ ಬಂದಾಗ ಗಾಡಿ ತಂದು ನಿಲ್ಲಿಸಿ, ಹತ್ತು ನಿಮಿಷದ ಕೆಲ್ಸ, ಅದಕ್ಕೆ ದುಡ್ಡು ಬೇಡ.